ಇಂಟರ್‌ಕೂಲರ್‌ಗೆ ನೀರೋ ಗಾಳಿಯೋ? ಆಗುಂಬೆ ಹತ್ತಿ ಇಳಿದ ಮೇಲೆ ಬರೆದದ್ದು

ಏಪ್ರಿಲ್ ಮೊದಲ ವಾರ. ಬೆಳಿಗ್ಗೆ ಒಂಬತ್ತೂವರೆಗೇ ಅಂಗಿ ಬೆನ್ನಿಗೆ ಅಂಟುವಂಥ ಸೆಕೆ. ಮಲ್ಪೆ ದಕ್ಕೆಯ ಹತ್ತಿರ ನಾನು ಕೆಲಸ ಮಾಡುವ ಐಸ್ ಪ್ಲಾಂಟಿನ ಗೇಟಿಗೆ ಮಣಿಪಾಲದ ಕಾಲೇಜು ಹುಡುಗನೊಬ್ಬ ಬಂದು, "ಅಣ್ಣಾ, ಹತ್ತು ಕಿಲೋ ಪುಡಿ ಐಸ್ ಸಿಗ್ತದಾ?" ಎಂದು ಕೇಳಿದ. ಮೀನಿಗಾ ಅಂದರೆ ಅಲ್ಲ, ಜ್ಯೂಸ್ ಅಂಗಡಿಗಾ ಅಂದರೆ ಅದೂ ಅಲ್ಲ. "ಕಾರಿಗೆ" ಅಂದ.

ಡಿಕ್ಕಿ ತೆಗೆದು ತೋರಿಸಿದ. ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ ಅಲ್ಯೂಮಿನಿಯಂ ಟ್ಯಾಂಕು, ಹನ್ನೆರಡು ಲೀಟರ್ ಹಿಡಿಯುವಂಥದ್ದು. ಅದರಿಂದ ಎರಡು ದಪ್ಪ ಹೋಸ್ ಪೈಪು ಕಾರಿನ ಹೊಟ್ಟೆಯಡಿಯಲ್ಲಿ ಹಾದು ಬಾನೆಟ್ಟಿನೊಳಗೆ ಹೋಗಿವೆ. ಟ್ಯಾಂಕಿನ ಪಕ್ಕದಲ್ಲಿದ್ದ ಪಂಪು ನೋಡಿ ನನಗೆ ಖುಷಿಯೇ ಆಯಿತು. ಬೋಟಿನ ತಳದಲ್ಲಿ ನಿಂತ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪು ಅದು, ನಮ್ಮ ದಕ್ಕೆಯ ಬೋಟ್ ಸಾಮಾನಿನ ಅಂಗಡಿಯಲ್ಲಿ ಸಿಗುವಂಥದ್ದೇ. ಹುಡುಗ ತಾನೇ ಕೂತು ನೀರಿನ ಇಂಟರ್‌ಕೂಲರ್ ಜೋಡಿಸಿದ್ದಾನೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ; ಹಾಗೆ ಒತ್ತಿ ಬಿಸಿಯಾದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವುದೇ ಇಂಟರ್‌ಕೂಲರ್. ಮುಂದಿನ ತಿಂಗಳು ಒಂದು ಡ್ರ್ಯಾಗ್ ರೇಸಿಗೆ ಹೋಗುವವನು. ಅದಕ್ಕೆ ಮುಂಚೆ ಟ್ಯಾಂಕಿಗೆ ಐಸ್ ತುಂಬಿ ಪರೀಕ್ಷೆ ಮಾಡಬೇಕು ಎಂದ.

ನಾನು ಐಸ್ ಕೊಟ್ಟೆ. ನನ್ನ ಹತ್ತಿರ ಇದ್ದ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಬ್ಲೂಟೂತ್ ಡಾಂಗಲ್ ಚುಚ್ಚಿ, ಮೊಬೈಲಿನಲ್ಲಿ ಎಂಜಿನ್ನಿನೊಳಗೆ ಹೋಗುವ ಗಾಳಿಯ ಉಷ್ಣತೆ ಕಾಣುವ ಹಾಗೆ ಮಾಡಿಕೊಟ್ಟೆ. ಆದಿ ಉಡುಪಿವರೆಗೆ ಎರಡು ಸಲ ಹೋಗಿ ಬಂದ. ಹೊರಗೆ 33 ಡಿಗ್ರಿ, ಒಳಗೆ 24! ಮುಖ ಹೂವಾಗಿತ್ತು. ಮೂರನೇ ಸಲ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದ. ಕಾರು ಜಗ್ಗಿ ಜಗ್ಗಿ ಓಡುತ್ತಿತ್ತು, ಒಂದು ಸಿಲಿಂಡರ್ ಮಿಸ್ ಹೊಡೆಯುವ ಸದ್ದು ಗೇಟಿನ ಹೊರಗಿನಿಂದಲೇ ಕೇಳಿಸಿತು. ಎಂಜಿನ್ ನಿಲ್ಲಿಸಿ, ಇಂಟರ್‌ಕೂಲರಿನ ಕೆಳಗಿನ ಪೈಪಿನ ಕ್ಲಿಪ್ ಸಡಿಲಿಸಿ ಬಗ್ಗಿಸಿದಾಗ ಅದರಿಂದ ನೀರು ಬಂತು. ಅರ್ಧ ಲೋಟದಷ್ಟು, ಟರ್ಬೊದ ಎಣ್ಣೆ ಬೆರೆತು ಮಜ್ಜಿಗೆಯ ಬಣ್ಣ. "ಅಯ್ಯೋ, ಕೋರ್ ಲೀಕ್ ಆಯ್ತಾ ಅಣ್ಣಾ?" ಎಂದು ಹುಡುಗನ ಗಂಟಲು ಒಣಗಿತು. ಕೋರ್ ಎಂದರೆ ಇಂಟರ್‌ಕೂಲರಿನೊಳಗೆ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ ಹರಿಯುವ ಭಾಗ. ಆದರೆ ಅದು ಲೀಕ್ ಅಲ್ಲ. ಅದು ನಮ್ಮ ಊರಿನ ಗಾಳಿಯಲ್ಲೇ ಇದ್ದ ನೀರು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ನೀರಿನ ಇಂಟರ್‌ಕೂಲರ್ ಒಳ್ಳೆಯದಾ ಗಾಳಿಯದ್ದಾ ಎಂದು ನನ್ನನ್ನು ಕೇಳುವವರು ಬಹಳ ಮಂದಿ. ಐಸ್ ಪ್ಲಾಂಟಿನವನಲ್ವಾ, ನೀರು ಎಂದೇ ಹೇಳುತ್ತಾನೆ ಎಂದುಕೊಳ್ಳುತ್ತಾರೆ. ನನ್ನ ಸ್ವಂತ ಕಾರಿನಲ್ಲಿರುವುದು ಗಾಳಿಯದ್ದು. ಯಾಕೆ ಎಂದು ಒಮ್ಮೆ ವಿವರವಾಗಿ ಬರೆದಿಡುತ್ತೇನೆ.

ನನ್ನ ಕಾರು 2011ರ ಫಿಯೆಟ್ ಲೀನಿಯಾ ಟಿ-ಜೆಟ್. 1368 ಸಿಸಿ, ಟರ್ಬೊ ಪೆಟ್ರೋಲ್, ಕಂಪನಿಯಿಂದ ಬಂದಾಗ 114 ಪಿಎಸ್ (ಅಶ್ವಶಕ್ತಿ). ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನು ಒತ್ತುವ ಒತ್ತಡ, ಸ್ವಲ್ಪ ಏರಿಸಿ ಎಂಜಿನ್ನಿನ ಕಂಪ್ಯೂಟರನ್ನು ಅದಕ್ಕೆ ಹೊಂದಿಸಿ ಮ್ಯಾಪ್ ಮಾಡಿಸಿದ್ದೇನೆ, ಬಂಪರಿನ ಹಿಂದೆ ದೊಡ್ಡ ಫ್ರಂಟ್ ಮೌಂಟ್ ಇಂಟರ್‌ಕೂಲರ್ ಕೂರಿಸಿದ್ದೇನೆ. ಅಕ್ಕನ ಗಂಡ, ಭಾವನ ಹತ್ತಿರ ಇರುವುದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 1.2 ಲೀಟರ್, 105 ಪಿಎಸ್. ಅದರಲ್ಲಿ ಕಂಪನಿಯಿಂದಲೇ ನೀರಿನ ಇಂಟರ್‌ಕೂಲರ್. ಹೊರಗೆ ಹುಡುಕಿದರೆ ಕಾಣುವುದಿಲ್ಲ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯೊಳಗೆ ಡ್ರಾಯರಿನ ಹಾಗೆ ತೂರಿಸಿ ಇಟ್ಟಿದ್ದಾರೆ. ಎರಡೂ ಒಂದೇ ಮನೆಯ ಅಂಗಳದಲ್ಲಿ ನಿಲ್ಲುವ ಕಾರು. ಹಾಗಾಗಿ ನನಗೆ ಹೋಲಿಸುವುದು ಸುಲಭ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂಬುದು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ನಮ್ಮ ಪ್ಲಾಂಟಿನ ಅಮೋನಿಯಾ ಕಂಪ್ರೆಸರಿನ ಡಿಸ್ಚಾರ್ಜ್ ಪೈಪು ಮುಟ್ಟಿದರೆ ಚರ್ಮ ಸುಲಿಯುತ್ತದೆ, ಟರ್ಬೊದಲ್ಲೂ ಅದೇ. 33 ಡಿಗ್ರಿಯ ಗಾಳಿಯನ್ನು ಒಂದು ಬಾರ್ ಬೂಸ್ಟಿಗೆ, ಅಂದರೆ ಹೊರಗಿನ ಒತ್ತಡದ ಎರಡು ಪಟ್ಟಿಗೆ, ಒತ್ತಿದರೆ, ಟರ್ಬೊ ಎಷ್ಟೇ ಪರಿಪೂರ್ಣವಾಗಿದ್ದರೂ 100 ಡಿಗ್ರಿಗೆ ಏರಲೇಬೇಕು. ನಿಜವಾದ ಟರ್ಬೊದ ದಕ್ಷತೆ ಶೇಕಡ 70 ಎಂದು ಹಿಡಿದರೆ 130ರ ಹತ್ತಿರ. ಬಿಸಿ ಗಾಳಿ ತೆಳು. 130 ಡಿಗ್ರಿಯ ಗಾಳಿಯನ್ನು 50ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಅದೇ ಜಾಗದಲ್ಲಿ ಕಾಲು ಪಾಲು ಹೆಚ್ಚು ಗಾಳಿ ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಬಿಸಿ ಗಾಳಿಯಲ್ಲಿ ಪೆಟ್ರೋಲ್ ಸಿಲಿಂಡರಿನೊಳಗೆ ತಾನೇ ಸಿಡಿಯಲಿಕ್ಕೆ ನೋಡುತ್ತದೆ. ನಾಕಿಂಗ್ ಎನ್ನುವುದು ಅದನ್ನೇ. ನಾಕ್ ಸೆನ್ಸರಿಗೆ ಅದು ಕೇಳಿಸಿದ ಕೂಡಲೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿ ಹಾರಿಸುವ ಟೈಮಿಂಗ್ ಹಿಂದೆ ಎಳೆಯುತ್ತದೆ, ಪಿಕಪ್ ಸತ್ತುಹೋಗುತ್ತದೆ. ಮಧ್ಯಾಹ್ನ ಘಾಟಿಯಲ್ಲಿ ಕಾರು ಎಳೆಯುತ್ತಿಲ್ಲ ಮಾರ್ರೆ ಎಂದು ಹೇಳುವವರಲ್ಲಿ ಎಷ್ಟೋ ಮಂದಿಯ ಸಮಸ್ಯೆ ಇದೇ.

ಗಾಳಿಯ ಇಂಟರ್‌ಕೂಲರ್ ಎಂದರೆ ರೇಡಿಯೇಟರಿನಂಥ ಅಲ್ಯೂಮಿನಿಯಂ ಹಲಗೆ. ಒಳಗೆ ಟರ್ಬೊದ ಬಿಸಿ ಗಾಳಿ, ಹೊರಗೆ ದಾರಿಯ ಗಾಳಿ. ಅಷ್ಟೇ. ನೀರಿನದ್ದರಲ್ಲಿ ಎಂಜಿನ್ನಿನ ಪಕ್ಕದಲ್ಲೇ ಒಂದು ಸಣ್ಣ ಕೋರ್ ಇರುತ್ತದೆ, ಅದರ ಸುತ್ತ ನೀರು ಮತ್ತು ಕೂಲೆಂಟ್ ಹರಿಯುತ್ತದೆ. ಬಿಸಿಯಾದ ನೀರನ್ನು ಕರೆಂಟಿನ ಪಂಪು ಬಂಪರಿನ ಹಿಂದಿನ ಇನ್ನೊಂದು ಸಣ್ಣ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿ ದಾರಿಯ ಗಾಳಿ ಅದನ್ನು ತಣಿಸುತ್ತದೆ.

ಜನ ಗಮನಿಸದೆ ಇರುವುದು ಇಲ್ಲಿಯೇ. ಎರಡರಲ್ಲೂ ಕೊನೆಗೆ ಬಿಸಿಯನ್ನು ತೆಗೆದುಕೊಳ್ಳುವುದು ಗಾಳಿಯೇ. ಕಾರಿನಲ್ಲಿ ನೀರು ಬಿಸಿಯನ್ನು ತಿಂದು ಮುಗಿಸುವುದಿಲ್ಲ, ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸುತ್ತದೆ. ಗಾಳಿಗೆ ಒಪ್ಪಿಸಬೇಕಾದರೆ ನೀರು ಹೊರಗಿನ ಗಾಳಿಗಿಂತ ಬಿಸಿ ಇರಬೇಕು. ಬೂಸ್ಟಿನ ಗಾಳಿ ನೀರಿಗಿಂತ ಬಿಸಿ ಇರಬೇಕು. ಎರಡು ಕಡೆ ಸುಂಕ ಕಟ್ಟಿದ ಹಾಗೆ. ಗಾಳಿಯ ಇಂಟರ್‌ಕೂಲರಿನಲ್ಲಿ ಸುಂಕ ಒಂದೇ ಕಡೆ. ಹಾಗಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಂದು ಒಂದೇ ವೇಗದಲ್ಲಿ ಹೋಗುತ್ತಾ ಇದ್ದರೆ ಒಳ್ಳೆಯ ಗಾಳಿಯ ಇಂಟರ್‌ಕೂಲರಿನ ಮುಂದೆ ನೀರಿನದ್ದು ಸೋಲುತ್ತದೆ.

ಮತ್ತೆ ಯಾಕೆ ನೀರು? ಒಂದು ಲೀಟರ್ ನೀರು ಒಂದು ಡಿಗ್ರಿ ಏರಲಿಕ್ಕೆ ಹಿಡಿಯುವ ಬಿಸಿಯಲ್ಲಿ ಮೂರೂವರೆ ಸಾವಿರ ಲೀಟರ್ ಗಾಳಿ ಒಂದು ಡಿಗ್ರಿ ಏರುತ್ತದೆ. ನೀರಿನ ಹೊಟ್ಟೆ ಅಷ್ಟು ದೊಡ್ಡದು. ಅದಕ್ಕೇ ಕೋರ್ ಸಣ್ಣದಾದರೂ ನಡೆಯುತ್ತದೆ, ಎಂಜಿನ್ನಿಗೆ ಅಂಟಿಸಿ ಇಡಬಹುದು, ಟರ್ಬೊದಿಂದ ಎಂಜಿನ್ನಿಗೆ ಗಾಳಿಯ ದಾರಿ ಗೇಣುದ್ದ ಸಾಕು. ನನ್ನ ಲೀನಿಯಾದಲ್ಲಿ ಪೈಪು ಬಂಪರಿಗೆ ಹೋಗಿ ಸುತ್ತಿ ವಾಪಸ್ ಬರಬೇಕು. ಪೈಪು, ಇಂಟರ್‌ಕೂಲರ್ ಸೇರಿ ಐದು ಲೀಟರ್ ಹೆಚ್ಚಿನ ಜಾಗ ಎಂದುಕೊಳ್ಳಿ. ಮೂರು ಸಾವಿರ ಆರ್‌ಪಿಎಂನಲ್ಲಿ 1.4 ಲೀಟರ್ ಎಂಜಿನ್ ಸೆಕೆಂಡಿಗೆ 35 ಲೀಟರ್ ಗಾಳಿ ಎಳೆಯುತ್ತದೆ. ಐದು ಲೀಟರ್ ತುಂಬಲಿಕ್ಕೆ ಸೆಕೆಂಡಿನ ಏಳರಲ್ಲಿ ಒಂದು ಪಾಲು. ಲ್ಯಾಗ್ ಲ್ಯಾಗ್ (ಕಾಲು ಒತ್ತಿದ ಮೇಲೆ ಎಳೆತ ಬರುವ ತಡ) ಎಂದು ಹೆದರಿಸುವಷ್ಟು ಅಲ್ಲ, ಆದರೆ ತಿರುವು ಕಳೆದು ಆಕ್ಸಿಲರೇಟರ್ ಒತ್ತಿದಾಗ ಪಾದಕ್ಕೆ ಗೊತ್ತಾಗುತ್ತದೆ. ಪೋಲೋದಲ್ಲಿ ಅದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಕಾಗದದ ಮೇಲಿನ ಮಾತು. ಹುಡುಗ ಬಂದು ಹೋದ ಮುಂದಿನ ಭಾನುವಾರ ಎರಡೂ ಕಾರು ತೆಗೆದುಕೊಂಡು ಆಗುಂಬೆಗೆ ಹೊರಟೆವು. ಬೇಕೆಂದೇ ಹತ್ತು ಗಂಟೆಯ ಮೇಲೆ, ಬಿಸಿಲು ಏರಿದ ನಂತರ. ಅಕ್ಕ ನನ್ನ ಕಾರಿನಲ್ಲಿ, ಅವಳ ಮಗಳು ಪೋಲೋದಲ್ಲಿ. ಎರಡು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಕಾಣುವ, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆಯ ಅಂಕಿ ಬರೆಯುವುದು ಅವರ ಕೆಲಸ. ಅಕ್ಕ ತಂದದ್ದು ಮನೆಯ ಹಾಲಿನ ಲೆಕ್ಕದ ಪುಸ್ತಕ. ಮಾರ್ಚ್ ತಿಂಗಳ ಹಾಲಿನ ಕೆಳಗೆ ನನ್ನ ಇಂಟರ್‌ಕೂಲರಿನ ಅಂಕಿಗಳು ಇವತ್ತಿಗೂ ಇವೆ.

ಪರ್ಕಳದ ಹತ್ತಿರ ರಸ್ತೆ ಕೆಲಸ. ಒಂಬತ್ತು ನಿಮಿಷ ನಿಂತಲ್ಲೇ ನಿಂತೆವು, ಎಸಿ ಓಡುತ್ತಿತ್ತು. ಲೀನಿಯಾ 41ರಿಂದ 61ಕ್ಕೆ ಏರಿತು, ಪೋಲೋ 46ರಿಂದ 52ಕ್ಕೆ. ಹೊರಟ ಮೇಲೆ ಲೀನಿಯಾ ಎರಡು ಕಿಲೋಮೀಟರಿನೊಳಗೆ 43ಕ್ಕೆ ಇಳಿಯಿತು. ಪೋಲೋ ಹಿರಿಯಡ್ಕ ದಾಟಿದರೂ 48ರಲ್ಲೇ ಇತ್ತು. ಪೆರ್ಡೂರು, ಹೆಬ್ರಿ ನಡುವೆ ದಾರಿ ಖಾಲಿ, ಎಪ್ಪತ್ತರ ವೇಗ. ಅಲ್ಲಿ ಲೀನಿಯಾ 39-40, ಪೋಲೋ 46. ಹೆದ್ದಾರಿಯ ಆಟದಲ್ಲಿ ಗಾಳಿಯೇ ಮುಂದೆ ಎಂದು ಹೇಳಿದ್ದು ಕಣ್ಣೆದುರೇ ಕಂಡಿತು.

ಸೋಮೇಶ್ವರ ದಾಟಿ ಘಾಟಿ ಶುರುವಾದ ಮೇಲೆ ಕಥೆ ಬೇರೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ದಾರಿ ಕಿರಿದು. ಮುಂದೆ ಒಂದು ಮಿನಿ ಬಸ್ಸು ಇತ್ತು, ಹಿಂದಿಕ್ಕುವ ಪ್ರಶ್ನೆಯೇ ಇಲ್ಲ, ಅಲ್ಲಿ ಹಿಂದಿಕ್ಕಲೂ ಬಾರದು. ತಿರುವಿಗೆ ಬಂದಾಗ ಹತ್ತು ಕಿಲೋಮೀಟರ್ ವೇಗ, ತಿರುವು ಕಳೆದರೆ ಸೆಕೆಂಡ್ ಗೇರಿನಲ್ಲಿ ನಾಲ್ಕೈದು ಸೆಕೆಂಡ್ ಪೂರ್ತಿ ಬೂಸ್ಟ್, ಮತ್ತೆ ಬ್ರೇಕ್. ಅಂದರೆ ಬಿಸಿ ಹುಟ್ಟುತ್ತಾ ಇದೆ, ಬಂಪರಿಗೆ ಹೊಡೆಯುವ ಗಾಳಿ ಮಾತ್ರ ಇಲ್ಲ. ಏಳನೇ ತಿರುವಿನಲ್ಲಿ ಲೀನಿಯಾ 58, ಪೋಲೋ 51. ಒಂಬತ್ತನೆಯದು ಕಳೆದು ಕಾಲು ಒತ್ತಿದಾಗ ನನ್ನ ಕಾರು ಒಂದು ಕ್ಷಣ ಉಸಿರು ಹಿಡಿದ ಹಾಗಾಯಿತು. ಮೊಬೈಲ್ ನೋಡುತ್ತಿದ್ದ ಅಕ್ಕ, "ಈ ಟೈಮಿಂಗ್ ಅಂತ ಇದ್ಯಲ್ಲ, ಅದು ಮೂರು ಕಮ್ಮಿ ಆಯ್ತು" ಅಂದಳು. 40 ಡಿಗ್ರಿಗೂ 60 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲೇ ಶೇಕಡ ಆರು ವ್ಯತ್ಯಾಸ, ಅದರ ಮೇಲೆ ಟೈಮಿಂಗೂ ಹೋದರೆ ಕಾಲಿಗೆ ಗೊತ್ತಾಗದೆ ಇರುತ್ತದಾ?

ಆದರೆ ಮೇಲೆ ತಲುಪುವಾಗ ಪೋಲೋವೂ 57ಕ್ಕೆ ಬಂದಿತ್ತು. ಲೀನಿಯಾ 59. ಹದಿನಾಲ್ಕು ತಿರುವಿನ ಬದಲು ನಲವತ್ತು ತಿರುವಿದ್ದರೆ ಎರಡೂ ಒಂದೇ ಆಗುತ್ತಿದ್ದವು, ಬಹುಶಃ ಪೋಲೋವೇ ಮೇಲೆ ಹೋಗುತ್ತಿತ್ತು. ಆಗುಂಬೆ ಪೇಟೆಯಲ್ಲಿ ಚಾ ಕುಡಿಯುವಾಗ ಭಾವ ಹೇಳಿದರು: "ನಿನ್ನದು ಬೇಗ ಸಿಟ್ಟು ಬಂದು ಬೇಗ ಇಳಿಯುವ ಜಾತಿ ಮಾರಾಯ. ನನ್ನದಕ್ಕೆ ಸಿಟ್ಟು ಬರೂದು ನಿಧಾನ, ಬಂದ್ರೆ ಹೋಗೂದೂ ನಿಧಾನ."

ಭಾವನ ಮಾತು ಕೇಳಿದಾಗ ನನಗೆ ನೆನಪಾದದ್ದು ಮಲ್ಪೆಯ ಕಡಲ ತೀರ. ಮಧ್ಯಾಹ್ನ ಹನ್ನೆರಡಕ್ಕೆ ಹೊಯಿಗೆಯ ಮೇಲೆ ಬರಿಗಾಲಿನಲ್ಲಿ ಹೆಜ್ಜೆ ಇಡಲಿಕ್ಕೆ ಆಗುವುದಿಲ್ಲ, ನೀರಿಗೆ ಇಳಿದರೆ ಹಿತ. ಅದೇ ರಾತ್ರಿ ಎಂಟಕ್ಕೆ ಹೋಗಿ, ಹೊಯಿಗೆ ತಣ್ಣಗೆ, ನೀರು ಉಗುರುಬೆಚ್ಚಗೆ. ಅದೇ ಸೂರ್ಯ, ಅದೇ ಗಾಳಿ. ಗಾಳಿಯ ಇಂಟರ್‌ಕೂಲರ್ ಹೊಯಿಗೆ, ನೀರಿನದ್ದು ಕಡಲು. ಯಾವುದು ಹೆಚ್ಚು ತಂಪು ಎಂಬ ಪ್ರಶ್ನೆಗೇ ಅರ್ಥ ಇಲ್ಲ. ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಕೇಳಬೇಕು.

ಟ್ಯಾಂಕು ತುಂಬ ನೀರಿದ್ದರೆ ಸಾಕು, ರೇಡಿಯೇಟರ್ ಯಾಕೆ ಎನ್ನುವವರಿಗೂ ಒಂದು ಲೆಕ್ಕ. 114 ಪಿಎಸ್ ಎಂಜಿನ್ ಪೂರ್ತಿ ಓಟದಲ್ಲಿ ಸೆಕೆಂಡಿಗೆ ಸುಮಾರು 85 ಗ್ರಾಂ ಗಾಳಿ ಕುಡಿಯುತ್ತದೆ. ಅದನ್ನು 130ರಿಂದ 50ಕ್ಕೆ ಇಳಿಸುವುದೆಂದರೆ ಸುಮಾರು ಏಳು ಕಿಲೋವಾಟ್ ಬಿಸಿ ತೆಗೆಯುವುದು, ಬಾತ್‌ರೂಮಿನ ಎರಡು ಕಿಲೋವಾಟ್ ಗೀಸರ್ ಮೂರೂವರೆ ಇಟ್ಟ ಹಾಗೆ. ಹತ್ತು ಲೀಟರ್ ನೀರಿಗೆ ಅಷ್ಟು ಬಿಸಿ ಕೊಟ್ಟರೆ ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ. ಹದಿನೈದು ಸೆಕೆಂಡಿನ ಡ್ರ್ಯಾಗ್ ಓಟಕ್ಕೆ ಅದು ಲೆಕ್ಕಕ್ಕೇ ಇಲ್ಲ. ನಿಲ್ಲದೆ ಶಿರಾಡಿ ಘಾಟಿ ಹತ್ತುವವನಿಗೆ ಅರ್ಧ ದಾರಿಯಲ್ಲೇ ನೀರು ಕೈಕೊಡುತ್ತದೆ.

ನೀರು ನಿಜಕ್ಕೂ ರಾಜನಾಗಿ ಇರುವುದನ್ನು ನೋಡಬೇಕಾದರೆ ಬೋಟಿಗೆ ಬರಬೇಕು. ಮಾವನ ಬೋಟಿನಲ್ಲಿರುವುದು ಟರ್ಬೊ ಡೀಸೆಲ್. ಕಳೆದ ಜೂನಿನಲ್ಲಿ, ಮೀನುಗಾರಿಕೆಗೆ ರಜೆಯ 61 ದಿನಗಳಲ್ಲಿ, ಬೋಟನ್ನು ಮೇಲೆ ಎಳೆದು ಎಂಜಿನ್ ಬಿಚ್ಚಿದಾಗ ಆಫ್ಟರ್‌ಕೂಲರ್ (ಬೋಟಿನವರು ಇಂಟರ್‌ಕೂಲರಿಗೆ ಹೇಳುವ ಹೆಸರು) ಶುಚಿ ಮಾಡುವ ಕೆಲಸ ನಾನು ವಹಿಸಿಕೊಂಡೆ. ಮುಚ್ಚಳ ತೆಗೆದರೆ ಒಳಗೆ ಪೆನ್ಸಿಲ್ ದಪ್ಪದ ತಾಮ್ರ-ನಿಕ್ಕಲ್ ಕೊಳವೆಗಳ ಕಟ್ಟು. ತುದಿಗಳಲ್ಲಿ ಬಿಳಿ ಉಪ್ಪು, ಎರಡು ಮೂರು ಕೊಳವೆಯ ಬಾಯಲ್ಲಿ ಸಣ್ಣ ಚಿಪ್ಪಿನ ಚೂರು ಸಿಕ್ಕಿಕೊಂಡಿತ್ತು. ಹಿತ್ತಾಳೆ ಬೋಲ್ಟಿನ ತುದಿಗೆ ಕೂರಿಸುವ ಜಿಂಕ್ ಕಡ್ಡಿ ಹೊಸದಿರುವಾಗ ಬೆರಳುದ್ದ, ಹೊರಗೆ ತೆಗೆದಾಗ ಉಗುರಿನಷ್ಟು ಉಳಿದಿತ್ತು. ಉಪ್ಪುನೀರು ಕೊಳವೆಯನ್ನು ತಿನ್ನುವ ಬದಲು ಮೊದಲು ಜಿಂಕನ್ನು ತಿನ್ನಲಿ ಎಂದು ಅದನ್ನು ಇಡುವುದು. ಆ ಕೊಳವೆಗಳ ಒಳಗೆ ಕಡಲ ನೀರು, ಹೊರಗೆ ಟರ್ಬೊದ ಬಿಸಿ ಗಾಳಿ. ಬಿಸಿಯಾದ ನೀರು ಮತ್ತೆ ಕಡಲಿಗೆ. ಅರಬ್ಬೀ ಸಮುದ್ರ ಮಾವನ ಎಂಜಿನ್ನಿನಿಂದ ಒಂದು ಡಿಗ್ರಿಯೂ ಏರುವುದಿಲ್ಲ. ಅಲ್ಲಿ ಎರಡನೇ ಸುಂಕ ಇಲ್ಲ, ರೇಡಿಯೇಟರ್ ಇಲ್ಲ. ಬೋಟಿನಲ್ಲಿ ನೀರು ಗೆಲ್ಲುವುದನ್ನು ನೋಡಿ ಕಾರಿಗೂ ಅದೇ ಎಂದುಕೊಂಡವರು ಕಡಲನ್ನು ಡಿಕ್ಕಿಯಲ್ಲಿ ಕೊಂಡುಹೋಗಲಿಕ್ಕಾಗದು ಎಂಬುದನ್ನು ಮರೆಯುತ್ತಾರೆ.

ಹಾಗೆಂದು ಕಾರು, ವಿಮಾನ ತಯಾರಿಸಿದವರು ತಪ್ಪು ಮಾಡಿದರು ಎಂದಲ್ಲ. ಬೇಕಾದ ಕಡೆ ಬೇಕಾದ್ದನ್ನು ಇಟ್ಟಿದ್ದಾರೆ. 1942ರಲ್ಲಿ ಸ್ಪಿಟ್‌ಫೈರ್ ವಿಮಾನಕ್ಕೆ ಹಾಕಿದ ಮರ್ಲಿನ್ 61 ಎಂಜಿನ್ನಿನಲ್ಲಿ ಎರಡು ಹಂತದ ಸೂಪರ್‌ಚಾರ್ಜರ್; ಗಾಳಿ ತೀರಾ ಬಿಸಿಯಾಗುತ್ತದೆಂದು ದ್ರವದಿಂದ ತಣಿಸುವ ಇಂಟರ್‌ಕೂಲರನ್ನು ಎಂಜಿನ್ನಿಗೇ ಸೇರಿಸಿದರು. ಅಷ್ಟು ಇಕ್ಕಟ್ಟಿನಲ್ಲಿ ದಪ್ಪ ಗಾಳಿ ಪೈಪು ಎಳೆಯುವುದಕ್ಕಿಂತ ಸಪೂರ ನೀರಿನ ಪೈಪು ಎಳೆಯುವುದು ಸುಲಭ. 1978ರ ಪೋರ್ಷೆ 911 ಟರ್ಬೊ 3.3ಯಲ್ಲಿ ಎಂಜಿನ್ ಹಿಂದೆ, ಹಾಗಾಗಿ ಹಿಂದಿನ ರೆಕ್ಕೆಯ ಕೆಳಗೇ ಗಾಳಿಯ ಇಂಟರ್‌ಕೂಲರ್. ನನಗೆ ಎಲ್ಲಕ್ಕಿಂತ ಹಿಡಿಸುವುದು ಟೊಯೋಟಾ ಸೆಲಿಕಾ ಜಿಟಿ-ಫೋರ್. 1986ರ ಮೊದಲ ಮಾದರಿಯಲ್ಲಿ ನೀರು. ಮುಂದಿನ ಮಾದರಿಯಲ್ಲಿ ಸಾಮಾನ್ಯ ಗಿರಾಕಿಗೆ ಗಾಳಿ, ಆದರೆ ರ‍್ಯಾಲಿ ನಿಯಮಕ್ಕಾಗಿ ತಯಾರಿಸಿದ 5,000 ಕಾರುಗಳಲ್ಲಿ ಮತ್ತೆ ನೀರು. ಒಂದೇ ಕಾರು, ಎರಡು ಉತ್ತರ! ರ‍್ಯಾಲಿಯ ದಾರಿ ನಮ್ಮ ಆಗುಂಬೆಯ ಹಾಗೆಯೇ, ತಿರುವು, ನಿಧಾನ, ಮತ್ತೆ ಜೋರು. ಒಂದು ಸ್ಟೇಜ್ ಮುಗಿದರೆ ಮುಂದಿನದರವರೆಗೆ ನಿಧಾನವಾಗಿ ಹೋಗುವಾಗ ನೀರು ತಣಿಯಲಿಕ್ಕೆ ಸಮಯ ಸಿಗುತ್ತದೆ. ಹೆದ್ದಾರಿಯವನಿಗೆ ಅದು ಬೇಡ. ಇನ್ನು 2018ರ ಡಾಡ್ಜ್ ಡೀಮನ್‌ನಲ್ಲಿ ಕಾರಿನ ಎಸಿಯ ತಂಪನ್ನೇ ಇಂಟರ್‌ಕೂಲರಿನ ನೀರಿಗೆ ತಿರುಗಿಸುತ್ತಾರೆ. ನಮ್ಮ ಪ್ಲಾಂಟಿನಲ್ಲಿ ಬ್ರೈನ್ (ಉಪ್ಪುನೀರಿನ) ಟ್ಯಾಂಕ್ ತಣಿಸುವುದೂ ಅದೇ ತತ್ವದಿಂದ, ಹಾಗಾಗಿ ಅದನ್ನು ಓದಿದ ದಿನ ನಮ್ಮ ಆಪರೇಟರುಗಳಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಈಗ ಹುಡುಗನ ಪೈಪಿನಿಂದ ಬಂದ ನೀರಿನ ವಿಷಯ. ಏಪ್ರಿಲ್-ಮೇಯಲ್ಲಿ ನಮ್ಮ ಕರಾವಳಿಯ ಡ್ಯೂ ಪಾಯಿಂಟ್, ಅಂದರೆ ಗಾಳಿ ಅದಕ್ಕಿಂತ ತಣ್ಣಗಾದರೆ ಅದರಲ್ಲಿರುವ ಆವಿ ನೀರಾಗಲು ಶುರುವಾಗುವ ಉಷ್ಣತೆ, 25-26 ಡಿಗ್ರಿ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದು ಇದೇ ಕಾರಣಕ್ಕೆ. ಆದರೆ ಗಾಳಿಯನ್ನು ಒತ್ತಿದರೆ ಅದರೊಳಗಿನ ಆವಿಯೂ ಒತ್ತಲ್ಪಡುತ್ತದೆ. ಒಂದು ಬಾರ್ ಬೂಸ್ಟಿನಲ್ಲಿ ಆವಿಯ ಒತ್ತಡ ಎರಡು ಪಟ್ಟು, ಡ್ಯೂ ಪಾಯಿಂಟ್ 38 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅಂದರೆ ಉಡುಪಿಯ ಗಾಳಿಯನ್ನು ಬೂಸ್ಟಿನಲ್ಲಿ 38ಕ್ಕಿಂತ ಕೆಳಗೆ ತಣಿಸಿದರೆ ಇಂಟರ್‌ಕೂಲರಿನೊಳಗೆ ಮಳೆ ಬರುತ್ತದೆ. ನನ್ನ ಲೀನಿಯಾದಷ್ಟು ಗಾಳಿ ಕುಡಿಯುವ ಎಂಜಿನ್ನಿನಲ್ಲಿ ಪೂರ್ತಿ ಬೂಸ್ಟ್ ಇಟ್ಟು 20 ಡಿಗ್ರಿಗೆ ತಣಿಸಿದರೆ ಸೆಕೆಂಡಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ನೀರು. ಒಂದೇ ಸಮನೆ ಹನಿ ಹನಿಯಾಗಿ ಹೋದರೆ ಎಂಜಿನ್ ನುಂಗಿಕೊಳ್ಳುತ್ತದೆ. ಕೆಳಗಿನ ಬಾಗಿನಲ್ಲಿ ನಿಂತು, ತಿರುವಿನಲ್ಲಿ ಒಟ್ಟಿಗೆ ಎದ್ದು ಹೋದರೆ ಪ್ಲಗ್ಗು ಒದ್ದೆಯಾಗುತ್ತದೆ. ಹುಡುಗನಿಗೆ ಆದದ್ದು ಅದು.

ಇನ್ನೂ ಒಂದು ನಷ್ಟ ಇದೆ, ಅದು ಐಸ್ ಪ್ಲಾಂಟಿನವರಿಗೆ ಮಾತ್ರ ಕೂಡಲೇ ಹೊಳೆಯುವಂಥದ್ದು. ಆವಿ ನೀರಾಗುವಾಗ ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ, ಅದನ್ನೂ ಐಸೇ ಹೊರಬೇಕು. ಹತ್ತು ಕಿಲೋ ಐಸ್ ಕರಗಲಿಕ್ಕೆ ಸುಮಾರು 3,340 ಕಿಲೋಜೂಲ್ ಬೇಕು. ಒಣ ಗಾಳಿಯಾದರೆ ಪೂರ್ತಿ ಬೂಸ್ಟಿನಲ್ಲಿ ಆರು ನಿಮಿಷ ಬರುವ ಐಸು ಮಲ್ಪೆಯ ಗಾಳಿಯಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕರಲ್ಲಿ ಒಂದು ಪಾಲು ಐಸ್ ಹೋದದ್ದು ಸೆಕೆಯನ್ನು ಹಿಂಡಲಿಕ್ಕೆ. ಬಯಲುಸೀಮೆಯ ಒಣ ಗಾಳಿಯವರು ಬರೆದದ್ದನ್ನು ಓದಿ ಇಲ್ಲಿ ಹಾಗೇ ಮಾಡಲಿಕ್ಕಾಗುವುದಿಲ್ಲ. ಹುಡುಗನಿಗೆ ನಾನು ಹೇಳಿದ್ದು, ಇಲ್ಲಿ 40ಕ್ಕಿಂತ ಕೆಳಗೆ ತರುವ ಆಸೆ ಬಿಡು, ಮತ್ತು ಕೆಳಗಿನ ಬಾಗಿಗೆ ಒಂದು ಡ್ರೈನ್ ಪ್ಲಗ್ ಹಾಕು.

ನೀರಿನ ವ್ಯವಸ್ಥೆಯಲ್ಲಿ ನನಗಿರುವ ದೊಡ್ಡ ಅಳುಕು ಅದು ಕೆಟ್ಟಾಗ ಹೇಳದೆ ಕೆಡುತ್ತದೆ ಎಂಬುದು. ಎರಡು ವರ್ಷದ ಹಿಂದೆ ಭಾವ ಪೋಲೋದ ಕೂಲೆಂಟ್ ಬದಲಿಸಲಿಕ್ಕೆ ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ವಾಪಸ್ ಬಂದ ಮೇಲೆ ಎಂಜಿನ್ ಟೆಂಪರೇಚರ್ ಸರಿ, ಯಾವ ಲೈಟೂ ಇಲ್ಲ, ಆದರೆ ಮಣಿಪಾಲದ ಏರು ಹತ್ತುವಾಗ ಎಸಿ ಹಾಕಿದರೆ ಕಾರಿಗೆ ಜೀವ ಇಲ್ಲ. ಪ್ಲಗ್ ಬದಲಿಸಿದರು, ಪೆಟ್ರೋಲ್ ಬಂಕ್ ಬದಲಿಸಿದರು. ಒಂದು ತಿಂಗಳ ಮೇಲೆ ನನ್ನ ಹತ್ತಿರ ತಂದರು. ಡಾಂಗಲ್ ಹಾಕಿದರೆ ಗಾಳಿ 74 ಡಿಗ್ರಿ. ಬಾನೆಟ್ ಎತ್ತಿ ಮ್ಯಾನಿಫೋಲ್ಡಿಗೆ ಹೋಗುವ ಎರಡು ಸಣ್ಣ ಹೋಸ್ ಹಿಡಿದೆ. ಒಂದು ಕೈ ಇಡಲಾಗದಷ್ಟು ಬಿಸಿ, ಇನ್ನೊಂದು ಸುಮ್ಮನೆ ಬೆಚ್ಚಗೆ. ಪಂಪಿಗೆ ಬೆರಳು ತಾಗಿಸಿದರೆ ಗುಂಯ್ ಎಂಬ ನಡುಕ ಇದೆ, ತಿರುಗುತ್ತಿದೆ. ಆದರೆ ಹೋಸ್ ಹಿಸುಕಿದರೆ ಒಳಗೆ ಗುಳುಗುಳು. ಏರ್ ಲಾಕ್. ಕೂಲೆಂಟ್ ತುಂಬಿಸಿದವರು ಎಂಜಿನ್ನಿನ ಸರ್ಕ್ಯೂಟಿನ ಗಾಳಿ ತೆಗೆದು ಇಂಟರ್‌ಕೂಲರಿನ ಸರ್ಕ್ಯೂಟನ್ನು ಹಾಗೇ ಬಿಟ್ಟಿದ್ದರು. ಕಾರಿನ ಮೂತಿಯನ್ನು ಏರಿನಲ್ಲಿ ನಿಲ್ಲಿಸಿ, ಮೇಲಿನ ಹೋಸ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ತುಂಬಿದೆವು. ಮುಕ್ಕಾಲು ಗಂಟೆಯ ಕೆಲಸ. ಆ ಒಂದು ತಿಂಗಳು ಭಾವ ಕಾರು ಮಾರುವ ಮಾತಾಡುತ್ತಿದ್ದರು, ಅದಕ್ಕೇ ನನಗೆ ಬೇಸರ. ಕೋರ್ ತೂತಾದರೆ ಇನ್ನೂ ಕಷ್ಟ: ಎಂಜಿನ್ ನಿಲ್ಲಿಸಿದ ಮೇಲೆ ಕೂಲೆಂಟ್ ನಿಧಾನಕ್ಕೆ ಮ್ಯಾನಿಫೋಲ್ಡಿಗೆ ಇಳಿಯಬಹುದು. ಎಕ್ಸ್‌ಪಾನ್ಷನ್ ಟ್ಯಾಂಕಿನ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ ನೀರಿನ ಇಂಟರ್‌ಕೂಲರ್ ಇರುವವರು ಒಂದು ದಿನವೂ ಕಾಯಬಾರದು.

ಗಾಳಿಯದ್ದಕ್ಕೂ ರೋಗ ಇದೆ, ಆದರೆ ಕಣ್ಣಿಗೆ ಕಾಣುವಂಥದ್ದು. ನಮ್ಮ ಉಪ್ಪುಗಾಳಿಗೆ ಅಲ್ಯೂಮಿನಿಯಂ ಫಿನ್ನುಗಳು ಬಿಳಿ ಪುಡಿಯಾಗುತ್ತವೆ, ಮಳೆಗಾಲದ ಕೆಸರು ಒಣಗಿ ಗಾರೆಯ ಹಾಗೆ ಕೂರುತ್ತದೆ. ಹೋಸ್ ಕಳಚಿದರೆ ಟಪ್ ಎಂದು ಸದ್ದಾಗಿಯೇ ಕಳಚುತ್ತದೆ. ಇನ್ನೊಂದು ಸಮಸ್ಯೆ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್. ನಮ್ಮಲ್ಲಿ ಎಸಿ ಇಲ್ಲದೆ ಕಾರು ಓಡಿಸುವವರು ಯಾರು? ಕಂಡೆನ್ಸರಿನ ಹಿಂದೆ ಇಂಟರ್‌ಕೂಲರ್ ಇಟ್ಟರೆ ಅದಕ್ಕೆ ಸಿಗುವುದು ಈಗಾಗಲೇ ಕಾದ ಗಾಳಿ. ಮುಂದೆ ಇಟ್ಟರೆ ಕಂಡೆನ್ಸರಿಗೆ, ರೇಡಿಯೇಟರಿಗೆ ಬಿಸಿ. ಜಾಗ ಇದ್ದರೆ ಬಂಪರಿನ ಕೆಳಗಿನ ಬಾಯಿಗೆ ಬೇರೆಯಾಗಿ ಇಡುವುದೇ ಸರಿ, ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದ ಹಾಗೆ ಮಾಡಬೇಕು. ಸಾವಿರಾರು ರೂಪಾಯಿಯ ಇಂಟರ್‌ಕೂಲರ್ ಕೂರಿಸಿ ಈ ಪಟ್ಟಿ ಮರೆತವರನ್ನು ನಾನು ಬಹಳ ನೋಡಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಪೇಟೆಯಲ್ಲಿ, ಪಂಪ್‌ವೆಲ್ ನಂತೂರಿನ ಬ್ಲಾಕಿನಲ್ಲಿ ದಿನಾ ಸಿಕ್ಕಿಕೊಳ್ಳುವವರಿಗೆ, ಅಪರೂಪಕ್ಕೆ ಘಾಟಿ ಹತ್ತುವವರಿಗೆ, ಕಂಪನಿಯೇ ಕೊಟ್ಟ ನೀರಿನ ಇಂಟರ್‌ಕೂಲರ್ ಬಹಳ ಒಳ್ಳೆಯದು. ಅದನ್ನು ಕಿತ್ತು ಗಾಳಿಯದ್ದು ಹಾಕುವ ಹುಚ್ಚು ಬೇಡ. ಕಂಪನಿ ಗಾಳಿಯದ್ದು ಕೊಟ್ಟ ಕಾರಿಗೆ ಮನೆಯಲ್ಲಿ ನೀರಿನದ್ದು ಜೋಡಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಪಂಪು, ವೈರಿಂಗ್, ಎರಡನೇ ರೇಡಿಯೇಟರ್, ಟ್ಯಾಂಕು, ಹತ್ತು ಕಿಲೋ ಮೇಲೆ ಭಾರ, ಒಂದಿಷ್ಟು ಹೊಸ ಕೀಲುಗಳು. ಪ್ರತಿ ಕೀಲೂ ಒಂದು ದಿನ ಸೋರುತ್ತದೆ. ನನ್ನ ವಾರದ ದಾರಿ ಮಲ್ಪೆಯಿಂದ ಬೈಕಂಪಾಡಿಗೆ ಪ್ಲಾಂಟಿನ ಸಾಮಾನು ತರಲು ಹೋಗಿ ಬರುವುದು, ಅದು ಹೆದ್ದಾರಿ. ಅದಕ್ಕೆ ಲೀನಿಯಾದಲ್ಲಿ ಗಾಳಿಯೇ ಇರುತ್ತದೆ.

ಜೂನ್ ಒಂದಕ್ಕೆ ಬೋಟುಗಳು ದಕ್ಕೆಗೆ ಬರುತ್ತವೆ, ಪ್ಲಾಂಟಿನಲ್ಲೂ ಕೆಲಸ ಕಡಿಮೆ. ಆಗ ಲೀನಿಯಾದ ಬಂಪರ್ ಬಿಚ್ಚಿ ಫಿನ್ನುಗಳನ್ನು ಸಾಬೂನು ನೀರಿನಲ್ಲಿ ತೊಳೆಯುವುದು, ಹಳೆಯ ಸ್ಪಂಜ್ ಪಟ್ಟಿ ತೆಗೆದು ಹೊಸದು ಅಂಟಿಸುವುದು. ಹುಡುಗ ರೇಸ್ ಮುಗಿಸಿ ಬರುತ್ತೇನೆ ಎಂದಿದ್ದಾನೆ. ಅವನ ಟ್ಯಾಂಕಿಗೆ ಒಂದು ರೇಡಿಯೇಟರ್ ಬೇಕು. ಗುಜರಿಯಲ್ಲಿ ಒಂದು ಸಣ್ಣ ಕಾರಿನದ್ದು ನೋಡಿ ಇಟ್ಟಿದ್ದೇನೆ, ಬಂಪರಿನ ಎಡಗಡೆಯ ಜಾಗಕ್ಕೆ ಅದು ಕೂರುತ್ತದಾ ಇಲ್ಲವಾ ಎಂದು ಅವನು ಬಂದ ಮೇಲೆ ಅಳತೆ ಹಿಡಿಯಬೇಕು.